ಅಮ್ಮನನ್ನು ಮನೆಗೆ ಕಳಿಸಿದ ಶೇಂಗಾ

ಹಸಿವಿನಿಂದ ಎಲುಬಿನ ಹಂದರವಾದ ಮಗುವಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ಅದು ಸತ್ತೇ ಹೋಗಬಹುದು. ವೈದ್ಯರು ಇದನ್ನು ಕಲಿತದ್ದು ಎಷ್ಟೋ ಮಕ್ಕಳನ್ನು ಕಳೆದುಕೊಂಡ ಮೇಲೆ. ಅಂಥ ದೇಹದಲ್ಲಿ ಹೃದಯ, ಮೂತ್ರಪಿಂಡ, ಕರುಳು ಎಲ್ಲವೂ ತಮ್ಮ ಕೆಲಸ ತಗ್ಗಿಸಿಕೊಂಡಿರುತ್ತವೆ. ಅವುಗಳ ಮೇಲೆ ಉಪ್ಪು, ನೀರು, ಪ್ರೋಟೀನು ಏಕಾಏಕಿ ಬಿದ್ದರೆ ಹೃದಯ ತಡೆಯುವುದಿಲ್ಲ. ಜಮೈಕಾದಲ್ಲಿ ಇಂಥ ಮಕ್ಕಳ ನಡುವೆ ವರ್ಷಗಟ್ಟಲೆ ದುಡಿದ ಮೈಕೇಲ್ ಗೋಲ್ಡನ್‌ರಂಥವರ ಅನುಭವದಿಂದ ಎರಡು ಹಾಲು ರೂಪುಗೊಂಡವು. ಮೊದಲ ದಿನಗಳಿಗೆ ಎಫ್-75, ಹಸಿವು ಮರಳಿದ ಮೇಲೆ ಎಫ್-100. ಎರಡನೆಯದರ 100 ಮಿಲಿಲೀಟರಿನಲ್ಲಿ 100 ಕ್ಯಾಲೊರಿ.

ಹಾಲೇನೋ ಸರಿಯಿತ್ತು, ಅದನ್ನು ಕುಡಿಸುವ ಜಾಗ ಸರಿಯಿರಲಿಲ್ಲ. 1996ರಲ್ಲಿ ಸ್ಕೋಫೀಲ್ಡ್ ಮತ್ತು ಆಶ್‌ವರ್ತ್ ಎಂಬ ಸಂಶೋಧಕರು ಹಿಂದಿನ ಐದು ದಶಕಗಳ ವರದಿಗಳನ್ನು ತಿರುವಿಹಾಕಿದರು. ತೀವ್ರ ಅಪೌಷ್ಟಿಕತೆಯಿಂದ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಶೇ 20ರಿಂದ 30ರಷ್ಟು ಸಾಯುತ್ತಲೇ ಬಂದಿದ್ದರು. ಐವತ್ತು ವರ್ಷಗಳಲ್ಲಿ ಆ ಪ್ರಮಾಣ ಕದಲಿರಲೇ ಇಲ್ಲ.

ಈ ಹಾಲಿನ ಪುಡಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಕದಡಬೇಕು, ಕದಡಿದ್ದನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ರಾತ್ರಿಯೂ ಎದ್ದು ಕುಡಿಸಬೇಕು. ಇದು ಗುಡಿಸಿಲಿನಲ್ಲಿ ಆಗದ ಕೆಲಸವೆಂದು ಮಗುವನ್ನೂ ತಾಯಿಯನ್ನೂ ಮೂರು ನಾಲ್ಕು ವಾರ ವಾರ್ಡಿನಲ್ಲಿ ಇರಿಸುತ್ತಿದ್ದರು. ಮನೆಯಲ್ಲಿ ಉಳಿದ ಮಕ್ಕಳಿಗೆ ಗಂಜಿ ಕಾಯಿಸುವವರು ಯಾರು, ಹೊಲದ ಕಳೆ ತೆಗೆಯುವವರು ಯಾರು, ತಪ್ಪಿದ ಕೂಲಿ ಕೊಡುವವರು ಯಾರು? ಈ ಪ್ರಶ್ನೆಗಳು ಕೇಸ್ ಶೀಟಿನಲ್ಲಿ ಬರುವಂಥವಲ್ಲ. ತಾಯಂದಿರು ಮಗು ಕೈಮೀರುವವರೆಗೆ ಬರುತ್ತಿರಲಿಲ್ಲ, ಬಂದವರಲ್ಲಿ ಹಲವರು ನಡುವೆಯೇ ಎದ್ದು ಹೋಗುತ್ತಿದ್ದರು. ಬರಗಾಲದ ಕೇಂದ್ರಗಳಲ್ಲಂತೂ ಒಂದೇ ಸೂರಿನಡಿ ನೂರಾರು ಬಡಕಲು ಮಕ್ಕಳು. ಒಬ್ಬರಿಗೆ ದಡಾರ ಬಂದರೆ ಸಾಲಿಗೆ ಸಾಲೇ ಮಲಗುತ್ತಿತ್ತು.

ಫ್ರಾನ್ಸಿನ ಮಕ್ಕಳ ಪೌಷ್ಟಿಕತಜ್ಞ ಆಂದ್ರೆ ಬ್ರಿಯಾಂ ಅವರ ತಲೆ ಕೊರೆಯುತ್ತಿದ್ದದ್ದು ಈ ನೀರಿನ ತೊಡಕೇ. ಎಫ್-100ರ ಸತ್ವವೆಲ್ಲ ಇರಬೇಕು, ನೀರು ಮಾತ್ರ ಇರಬಾರದು. ಬೇರೆ ಬೇರೆ ತಿಂಡಿಗಳ ರೂಪದಲ್ಲಿ ಪ್ರಯತ್ನಿಸಿ ಸೋತ ಅವರ ಕಣ್ಣಿಗೆ ನುಟೆಲ್ಲಾ ಬಾಟಲಿ ಬಿದ್ದ ಕಥೆ ಈಗ ಪ್ರಸಿದ್ಧ. ಬ್ರೆಡ್ಡಿಗೆ ಸವರುವ ಆ ಪೇಸ್ಟಿನ ಕೊಬ್ಬು, ಸಕ್ಕರೆ, ಪ್ರೋಟೀನುಗಳ ಹದ ತಮ್ಮ ಹಾಲಿಗೆ ಹತ್ತಿರವಿದ್ದುದನ್ನು ಅವರು ಗಮನಿಸಿದರು. 1996ರಲ್ಲಿ ನಾರ್ಮಂಡಿಯ ನುಟ್ರಿಸೆಟ್ ಕಂಪನಿಯ ಮಿಶೆಲ್ ಲೆಸ್ಕಾನ್ ಜೊತೆ ಸೇರಿ ಹಾಲಿನ ಪುಡಿಯ ಒಂದು ಭಾಗ ತೆಗೆದು ಆ ಜಾಗಕ್ಕೆ ಶೇಂಗಾ ಪೇಸ್ಟ್ ಸೇರಿಸಿದರು. ಜೊತೆಗೆ ಸಕ್ಕರೆ, ಎಣ್ಣೆ, ಜೀವಸತ್ವ, ಖನಿಜ. ಹೆಸರು ‘ಪ್ಲಂಪಿನಟ್’. 92 ಗ್ರಾಮಿನ ಪೊಟ್ಟಣದಲ್ಲಿ 500 ಕ್ಯಾಲೊರಿ. ಕಾಯಿಸಬೇಕಿಲ್ಲ, ಕದಡಬೇಕಿಲ್ಲ, ನೀರಿನಂಶ ಇಲ್ಲದ್ದರಿಂದ ಅದರಲ್ಲಿ ರೋಗಾಣು ಬೆಳೆಯುವುದಿಲ್ಲ. ಮೂಲೆ ಹರಿದು ಮಗುವಿನ ಕೈಗಿತ್ತರೆ ಹಿಂಡಿಕೊಂಡು ಚೀಪುತ್ತದೆ.

ಶೇಂಗಾದಿಂದ ಮಕ್ಕಳ ಅಪೌಷ್ಟಿಕತೆ ನೀಗಿಸುವ ಯೋಚನೆ ನಮಗೆ ಹೊಸದಲ್ಲ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ವಿ. ಸುಬ್ರಹ್ಮಣ್ಯನ್ ಅವರ ಮುಂದಾಳತ್ವದಲ್ಲಿ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ತಯಾರಿಸಿತ್ತು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತು, ಬೂಷ್ಟಿನ ವಿಷ ಅಫ್ಲಟಾಕ್ಸಿನ್ ಪತ್ತೆಯಾಯಿತು. ಮಕ್ಕಳ ಆಹಾರಕ್ಕೆ ಶೇಂಗಾ ಬಳಸುವವರು ಅಂದಿನಿಂದ ಈ ವಿಷದ ಪರೀಕ್ಷೆ ಮಾಡಿಸದೆ ಮುಂದುವರಿಯುವಂತಿಲ್ಲ.

ಪೊಟ್ಟಣ ಬಂದ ಮಾತ್ರಕ್ಕೆ ವಾರ್ಡಿನ ಬಾಗಿಲು ತೆರೆಯಲಿಲ್ಲ. ಅದನ್ನು ಆಸ್ಪತ್ರೆಯೊಳಗೇ ತಿನ್ನಿಸಬಹುದಿತ್ತು. ‘ಮನೆಗೇ ಕಳಿಸೋಣ’ ಎಂದವರಲ್ಲಿ ಸ್ಟೀವ್ ಕಾಲಿನ್ಸ್ ಎಂಬ ವೈದ್ಯರದು ದೊಡ್ಡ ದನಿ. 2000ದ ಬರದಲ್ಲಿ ದಕ್ಷಿಣ ಇಥಿಯೋಪಿಯಾದ ಹದಿಯಾ ಪ್ರಾಂತ್ಯದಲ್ಲಿ 170 ಮಕ್ಕಳಿಗೆ ಮನೆಯಲ್ಲಿಯೇ ಚಿಕಿತ್ಸೆ ನಡೆಯಿತು. ಊರಿಗೆ ಹತ್ತಿರದ ಕೇಂದ್ರದಲ್ಲಿ ಆಗಾಗ ತಪಾಸಣೆ, ಮುಂದಿನ ತಪಾಸಣೆಯವರೆಗೆ ಸಾಲುವಷ್ಟು ಪೊಟ್ಟಣ, ಅಷ್ಟೆ. ಶೇ 85ರಷ್ಟು ಮಕ್ಕಳು ಚೇತರಿಸಿಕೊಂಡರು. ಸತ್ತವರು ಶೇ 4. 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಎಲ್ಲರೂ ನಂಬಲಿಲ್ಲ. ವೈದ್ಯರ ಕಣ್ಣಳತೆಯಲ್ಲಿರಬೇಕಾದ ಮಗುವನ್ನು ಓದು ಬಾರದ ತಾಯಿಯ ಕೈಗೆ ಒಪ್ಪಿಸುವುದೇ ಎಂಬ ಅಳುಕು ಸುಲಭಕ್ಕೆ ಹೋಗುವಂಥದ್ದಲ್ಲ. ಅದೇ ಸುಮಾರಿಗೆ ಮಲಾವಿ ದೇಶದ ಬ್ಲಾಂಟೈರ್ ಆಸ್ಪತ್ರೆಯಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರ್ಕ್ ಮನಾರಿ ಕೂಡ ತಮ್ಮ ವಾರ್ಡಿನ ಮಕ್ಕಳನ್ನು ಶೇಂಗಾ ಪೇಸ್ಟ್ ಕೊಟ್ಟು ಮನೆಗೆ ಕಳಿಸಿದರು; ಮುಂದೆ ಆ ಪೇಸ್ಟನ್ನು ಅಲ್ಲಿಯೇ ತಯಾರಿಸುವ ಏರ್ಪಾಟನ್ನೂ ಮಾಡಿದರು. 2005ರಲ್ಲಿ ನೈಜರ್‌ನ ಹಸಿವಿನ ನಡುವೆ ‘ಗಡಿಗಳಿಲ್ಲದ ವೈದ್ಯರು’ (ಎಂಎಸ್‌ಎಫ್) ಸಂಸ್ಥೆ 60 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಬಹುಪಾಲು ಇದೇ ಕ್ರಮದಲ್ಲಿ ಚಿಕಿತ್ಸೆ ನೀಡಿತು. ಅಷ್ಟು ಮಕ್ಕಳನ್ನು ಮಲಗಿಸಲು ಯಾವ ದೇಶದಲ್ಲೂ ಮಂಚಗಳಿಲ್ಲ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಜಂಟಿ ಹೇಳಿಕೆ ಹೊರಡಿಸಿ ಈ ಕ್ರಮಕ್ಕೆ ಮುದ್ರೆಯೊತ್ತಿದವು.

ಈ ಕ್ರಮದಲ್ಲಿ ನನಗೆ ಪೊಟ್ಟಣಕ್ಕಿಂತ ದೊಡ್ಡದಾಗಿ ಕಾಣುವುದು ತೋಳಿನ ಪಟ್ಟಿ. ಆರು ತಿಂಗಳಿಂದ ಐದು ವರ್ಷದವರೆಗೆ, ಆರೋಗ್ಯವಂತ ಮಗುವಿನ ತೋಳಿನ ಸುತ್ತಳತೆ ಹೆಚ್ಚೇನೂ ಬದಲಾಗುವುದಿಲ್ಲ. ಹಾಗಾಗಿ ವಯಸ್ಸು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ತಕ್ಕಡಿ ಬೇಡ. 1970ರ ದಶಕದಲ್ಲಿ ಬಾಗ್ದಾದಿನ ವೈದ್ಯ ಅದ್ನಾನ್ ಶಾಕಿರ್ ಬಣ್ಣದ ಪಟ್ಟಿಯನ್ನು ಪ್ರಚಾರಕ್ಕೆ ತಂದರು. ಈಗಿನ ಪಟ್ಟಿಯಲ್ಲಿ 115 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, 125ರವರೆಗೆ ಹಳದಿ. ಕೆಂಪಿಗೆ ಬಂದ ಮಗುವಿನ ಪಾದ ಒತ್ತಿ ಬಾವು ನೋಡುತ್ತಾರೆ, ಜ್ವರ ನೋಡುತ್ತಾರೆ, ತಿನ್ನಲು ಕೊಟ್ಟು ಹಸಿವು ಪರೀಕ್ಷಿಸುತ್ತಾರೆ. ತಿಂದರೆ ಮನೆಗೆ, ತಿನ್ನದಿದ್ದರೆ ಆಸ್ಪತ್ರೆಗೆ. ಇದನ್ನು ಊರಿನ ಕಾರ್ಯಕರ್ತೆಯೇ ಮಾಡಬಲ್ಲಳು. ನೈಜರ್‌ನಲ್ಲಿ ತಾಯಂದಿರ ಕೈಗೇ ಪಟ್ಟಿ ಕೊಟ್ಟು ನೋಡಿದರು. ಅವರ ಅಳತೆ ಕಾರ್ಯಕರ್ತೆಯರ ಅಳತೆಗಿಂತ ಕಳಪೆಯಾಗಿರಲಿಲ್ಲ.

ಭಾರತದಲ್ಲಿ ಮಾತ್ರ ಚರ್ಚೆಯೆಲ್ಲ ಪೊಟ್ಟಣದ ಸುತ್ತಲೇ ಸುತ್ತಿತು. ಮಧ್ಯಪ್ರದೇಶ ಮತ್ತು ಬಿಹಾರಕ್ಕೆ ಯುನಿಸೆಫ್ ತರಿಸಿದ್ದ ಪೇಸ್ಟಿಗೆ ತನ್ನ ಅನುಮತಿ ಇರಲಿಲ್ಲವೆಂದು 2009ರಲ್ಲಿ ಕೇಂದ್ರ ಸರ್ಕಾರ ಆಕ್ಷೇಪಿಸಿತು. ಅದೇ ವರ್ಷ ಬಿಹಾರದ ದರ್ಭಂಗಾ ಜಿಲ್ಲೆಯ ಬಿರೌಲ್‌ನಲ್ಲಿ ಎಂಎಸ್‌ಎಫ್ ಕೆಲಸ ಆರಂಭಿಸಿ, ಮೂರು ವರ್ಷಗಳೊಳಗೆ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಾಖಲಿಸಿಕೊಂಡಿತು. ಸಾವು ತೀರಾ ಕಡಿಮೆ, ನಡುವೆ ಬಿಟ್ಟುಹೋದವರು ಮಾತ್ರ ಬಹಳ. ಅಂಗನವಾಡಿಯ ಬಿಸಿಯೂಟದ ಜಾಗದಲ್ಲಿ ಕಂಪನಿಯ ಪೊಟ್ಟಣ ಬಂದು ಕೂರುತ್ತದೆ ಎಂಬ ಆಹಾರ ಹಕ್ಕು ಹೋರಾಟಗಾರರ ಭಯ ಸುಳ್ಳಲ್ಲ; ನುಟ್ರಿಸೆಟ್ ಬಳಿ ಪೇಟೆಂಟ್ ಇತ್ತು, ಅಮೆರಿಕದಲ್ಲಿ ಅದರ ಮೇಲೆ ಮೊಕದ್ದಮೆಯೂ ನಡೆದಿತ್ತು. ಆದರೆ ಆ ಜಗಳದಲ್ಲಿ ತೋಳಿನ ಪಟ್ಟಿ, ತಪಾಸಣೆ, ಮನೆಬಾಗಿಲ ಭೇಟಿ ಎಲ್ಲವೂ ಹಿಂದೆ ಸರಿದವು. 2017ರಲ್ಲಿ ಕೇಂದ್ರ ಸರ್ಕಾರ ಪೇಸ್ಟಿನ ವಿರುದ್ಧ ರಾಜ್ಯಗಳಿಗೆ ಪತ್ರ ಬರೆಯುವವರೆಗೂ ಮಾತು ಅಲ್ಲಿಯೇ ನಿಂತಿತ್ತು.

ವಾದಕ್ಕಿಂತ ಉಪಯುಕ್ತವಾದದ್ದು ದೆಹಲಿ, ರಾಜಸ್ಥಾನ, ತಮಿಳುನಾಡುಗಳ 906 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ. ಕಾರ್ಖಾನೆಯ ಪೇಸ್ಟ್, ಸ್ಥಳೀಯವಾಗಿ ತಯಾರಿಸಿದ ಪೇಸ್ಟ್, ಎಣ್ಣೆ ಸಕ್ಕರೆ ಹಾಲಿನ ಪುಡಿ ಕೊಟ್ಟು ಗಟ್ಟಿಗೊಳಿಸಿದ ಮನೆಯೂಟ, ಈ ಮೂರನ್ನು ಹೋಲಿಸಿದರು. ಚೇತರಿಕೆ ಕ್ರಮವಾಗಿ ಶೇ 47.5, 56.9, 42.8. ಗೆದ್ದದ್ದು ಸ್ಥಳೀಯ ಪೇಸ್ಟ್, ಆದರೆ ಮನೆಯೂಟವೂ ತೀರಾ ಹಿಂದೆ ಬೀಳಲಿಲ್ಲ. 2023ರ ಅಕ್ಟೋಬರಿನಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಲ್ಲಿ ಅಂಗನವಾಡಿಯಲ್ಲೇ ಹಸಿವಿನ ಪರೀಕ್ಷೆ ಮಾಡಿ, ತೊಡಕಿಲ್ಲದ ಮಕ್ಕಳನ್ನು ಊರಲ್ಲೇ ನೋಡಿಕೊಳ್ಳುವ ಕ್ರಮ ಕೊನೆಗೂ ಸೇರಿದೆ.

ರಾಯಚೂರು, ಯಾದಗಿರಿ ಕಡೆ ಇದು ಹೇಗೆ ನಡೆದೀತು ಎಂಬುದು ಬೇರೆಯದೇ ಪ್ರಶ್ನೆ. ರಾಯಚೂರಿನ ಮಕ್ಕಳ ಸಾವಿನ ಸುದ್ದಿಯಿಂದ ಹೈಕೋರ್ಟ್ 2012ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅಧ್ಯಕ್ಷತೆಯ ಸಮಿತಿ ರಚಿಸಬೇಕಾಯಿತು. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿ ಎರಡು ವಾರ ಉಳಿಯಲಿ ಎಂದು ಕೂಲಿ ಭತ್ಯೆ ಕೊಡುತ್ತಾರೆ. ಮೊದಲು ಹೇಳಿದ ತಾಯಂದಿರ ಕಷ್ಟವನ್ನು ಸರ್ಕಾರವೇ ಒಪ್ಪಿಕೊಂಡಂತೆ. ಇನ್ನು ಊರಲ್ಲೇ ಚಿಕಿತ್ಸೆ ಎಂದರೆ ಕುಟುಂಬ ಊರಲ್ಲಿರಬೇಕು. ಸುಗ್ಗಿ ಮುಗಿದರೆ ಇಲ್ಲಿನ ಹಲವರು ಮನೆಗೆ ಬೀಗ ಜಡಿದು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಕೆಂಪು ಪಟ್ಟಿಯ ಮಗು ಹೋಗುವಾಗ ಅದರ ಅಳತೆಯ ಕಾರ್ಡೂ ಜೊತೆಗೆ ಹೋಗಬೇಕು, ಹೋದ ಕಡೆಯ ಅಂಗನವಾಡಿ ಅದನ್ನು ತಗೊಳ್ಳಬೇಕು. ಸದ್ಯಕ್ಕೆ ಹೀಗೆ ಹೊರಟ ಮಕ್ಕಳ ಬೆನ್ನು ಹತ್ತುವ ಕೆಲಸ, ಫೋನ್ ನಂಬರು ಬರೆದಿಟ್ಟುಕೊಂಡ ಊರಿನ ಅಂಗನವಾಡಿ ಟೀಚರ್ ಮನಸ್ಸಿಗೆ ಬಿಟ್ಟದ್ದು.