ಆರಿದ್ರೆಯ ಮಳೆ, ಆಲ್ಬರ್ಟ್ ಹಾಲಿನ ನಾದ

ಜೂನ್ ತಿಂಗಳ ಕೊನೆಯ ವಾರವೆಂದರೆ ಸೊರಬ, ಶಿಕಾರಿಪುರಗಳ ಸೀಮೆಯಲ್ಲಿ ಆರಿದ್ರೆಯ ಮಳೆ ಹಿಡಿಯುವ ಕಾಲ. ಬಂದಳಿಕೆಯ ಹಳೆಯ ದೇಗುಲಗಳ ಕಲ್ಲು ಚಾವಣಿಯ ಮೇಲೆ ಹನಿ ಬೀಳುವ ಸದ್ದೊಂದನ್ನು ಬಿಟ್ಟರೆ ಅಲ್ಲಿ ಬೇರೆ ಸದ್ದಿರುವುದಿಲ್ಲ. ಗದ್ದೆಗಿಳಿದ ರೈತನಿಗೆ ಅದೇ ಸಂಗೀತ. ಅದೇ ದಿನಗಳು ಲಂಡನ್ ನಗರಕ್ಕೆ ನಡುಬೇಸಿಗೆ. ಅಲ್ಲಿ ಹಗಲು ದೀರ್ಘ, ಬಿಸಿಲು ಹಿತ. ಹೊಟ್ಟೆಯ ಹಸಿವನ್ನು ಕೂಡ ಮರೆತು ಜನ ಸಂಗೀತ ಸಭೆಯ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುವ ಕಾಲವೂ ಅದೇ.

1943ರ ಜೂನ್ 24, ಗುರುವಾರ. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ನಗರದ ಬೀದಿಬೀದಿಯಲ್ಲಿ ಬಾಂಬಿನ ಗಾಯಗಳಿದ್ದವು. ಮನೆಮನೆಯಲ್ಲಿ ಪಡಿತರದ ಚೀಟಿ, ಕಿಟಕಿಗಳಿಗೆ ಕಪ್ಪು ಪರದೆ. ಅಂದು ಸಂಜೆ ಆಲ್ಬರ್ಟ್ ಸಭಾಂಗಣದ ವೇದಿಕೆಯನ್ನು ಎಪ್ಪತ್ತು ವರ್ಷದ ಸ್ಥೂಲಕಾಯದ ವೃದ್ಧರೊಬ್ಬರು ಹತ್ತಿದರು. ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯಮೇಳದ ಮುಂದೆ ನಿಂತು ಕೋಲೆತ್ತಿದರು. ರಾಲ್ಫ್ ವಾನ್ ವಿಲಿಯಮ್ಸ್ ರಚಿಸಿದ ಐದನೆಯ ಸಿಂಫನಿಯನ್ನು ಲೋಕವು ಮೊದಲ ಬಾರಿಗೆ ಕೇಳಿದ್ದು ಹೀಗೆ, ರಚಿಸಿದವರ ಕೈಯಿಂದಲೇ.

ಬೇಸಿಗೆಯ ಕಛೇರಿಗಳು

ಈ ಬೇಸಿಗೆಯ ಕಛೇರಿಗಳಿಗೆ ‘ಪ್ರಾಮ್ಸ್’ ಎಂದು ಹೆಸರು. 1895ರ ಆಗಸ್ಟ್ 10ರಂದು ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ರಾಬರ್ಟ್ ನ್ಯೂಮನ್ ಎಂಬ ವ್ಯವಸ್ಥಾಪಕರೂ ಹೆನ್ರಿ ವುಡ್ ಎಂಬ ತರುಣ ಮೇಳನಾಯಕರೂ ಕೂಡಿ ಇವನ್ನು ಆರಂಭಿಸಿದರು. ಉತ್ತಮ ಸಂಗೀತವು ಸಿರಿವಂತರ ಸೊತ್ತಾಗಬಾರದು ಎಂಬುದು ಅವರ ಸಂಕಲ್ಪ. ನೆಲದ ಕುರ್ಚಿಗಳನ್ನು ತೆಗೆದು, ನಿಂತು ಕೇಳುವವರಿಗೆ ಒಂದೇ ಷಿಲಿಂಗಿಗೆ ಟಿಕೆಟ್ಟು ಕೊಟ್ಟರು. ಗುಮಾಸ್ತರು, ವಿದ್ಯಾರ್ಥಿಗಳು, ಅಂಗಡಿಯ ನೌಕರರು ದಿನದ ದುಡಿಮೆ ಮುಗಿಸಿ ಬಂದು ನಿಂತು ಕೇಳಿದರು. ನಿಂತವರ ಕಿವಿ ಕುಳಿತವರ ಕಿವಿಗಿಂತ ಚುರುಕೆಂಬ ಮಾತು ಅಲ್ಲಿ ನಿಜವಾಯಿತು.

1941ರ ಮೇ 10ರ ಮಧ್ಯಾಹ್ನ ಕ್ವೀನ್ಸ್ ಹಾಲಿನಲ್ಲಿ ಎಲ್ಗರ್ ಅವರ ಗಾಯನ ಕೃತಿಯೊಂದು ನಡೆಯಿತು. ಅಂದು ರಾತ್ರಿ ಜರ್ಮನ್ ವಿಮಾನಗಳು ಸುರಿದ ಬೆಂಕಿಬಾಂಬಿಗೆ ಆ ಭವನ ಸುಟ್ಟು ಬೂದಿಯಾಯಿತು. ಬೂದಿಯ ರಾಶಿಯಿಂದ ಹೆನ್ರಿ ವುಡ್ ಅವರ ಕಂಚಿನ ಪ್ರತಿಮೆಯನ್ನು ಹೊರತೆಗೆದರು. ಇಂದಿಗೂ ಪ್ರತಿ ಬೇಸಿಗೆ ಆ ಪ್ರತಿಮೆಯನ್ನು ವೇದಿಕೆಯ ಹಿಂದೆ ಇರಿಸುತ್ತಾರೆ. ಕಛೇರಿಗಳು ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಅದೇ ಬೇಸಿಗೆಯಲ್ಲಿ ಅವು ಆಲ್ಬರ್ಟ್ ಹಾಲಿಗೆ ಬಂದು ನೆಲೆಗೊಂಡವು. ವಿಕ್ಟೋರಿಯಾ ರಾಣಿಯ ಪತಿಯ ನೆನಪಿಗಾಗಿ ಕಟ್ಟಿ 1871ರಲ್ಲಿ ತೆರೆದ ಈ ಭವನವು ದೊಡ್ಡ ಗುಮ್ಮಟವನ್ನು ಹೊತ್ತ ದುಂಡು ಕಟ್ಟಡ. ಐದು ಸಾವಿರಕ್ಕೂ ಮಿಕ್ಕಿದ ಜನ ಹಿಡಿಸುತ್ತದೆ. ಅದರ ಪ್ರತಿಧ್ವನಿ ಒಂದು ಕಾಲಕ್ಕೆ ಎಷ್ಟು ಪ್ರಬಲವಾಗಿತ್ತೆಂದರೆ ಒಂದೇ ಟಿಕೆಟ್ಟಿಗೆ ಸಂಗೀತವನ್ನು ಎರಡು ಸಲ ಕೇಳಬಹುದೆಂದು ಜನ ನಗೆಯಾಡುತ್ತಿದ್ದರು. 1969ರಲ್ಲಿ ಗುಮ್ಮಟದ ಕೆಳಗೆ ಅಣಬೆಗಳಂಥ ದೊಡ್ಡ ತಟ್ಟೆಗಳನ್ನು ತೂಗುಹಾಕಿದ ಮೇಲೆ ಆ ದೋಷ ಬಹುಮಟ್ಟಿಗೆ ತಗ್ಗಿತು.

ಹಳ್ಳಿಯ ಹಾಡು ಕೇಳಿದ ಕಿವಿ

ವಾನ್ ವಿಲಿಯಮ್ಸ್ ಹುಟ್ಟಿದ್ದು 1872ರಲ್ಲಿ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಅವರ ತಾಯಿಯ ಕಡೆಯಿಂದ ಅಜ್ಜನ ವರಸೆಯ ಬಂಧು. ಇಂಗ್ಲೆಂಡಿಗೆ ತನ್ನದೇ ಸಂಗೀತವಿಲ್ಲ, ಇರುವುದೆಲ್ಲ ಜರ್ಮನಿಯಿಂದ ತಂದ ಸಾಲ ಎಂದು ಹೊರಗಿನವರು ಹೀಯಾಳಿಸುತ್ತಿದ್ದ ದಿನಗಳಲ್ಲಿ ಅವರು ಬೆಳೆದರು. 1903ರ ಡಿಸೆಂಬರಿನಲ್ಲಿ ಎಸೆಕ್ಸ್ ಪ್ರಾಂತದ ಹಳ್ಳಿಯೊಂದರಲ್ಲಿ ಒಬ್ಬ ಮುದುಕ ಕೂಲಿಯಾಳು ಹಾಡಿದ ಹಾಡು ಅವರ ಕಿವಿಗೆ ಬಿತ್ತು. ಅಂದಿನಿಂದ ಅವರು ಊರೂರು ಅಲೆದು ಎಂಟುನೂರಕ್ಕೂ ಹೆಚ್ಚು ಜನಪದ ಗೀತೆಗಳನ್ನು ಬರೆದುಕೊಂಡರು. ಗರತಿಯರ ಬಾಯಲ್ಲಿದ್ದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ ಕತೆಯನ್ನು ಬಲ್ಲ ಕನ್ನಡಿಗರಿಗೆ ಈ ಅಲೆದಾಟದ ಬೆಲೆಯನ್ನು ಬೇರೆ ಹೇಳಬೇಕಿಲ್ಲ. ಹಾಡುವವರ ತಲೆಮಾರು ಮುಗಿದರೆ ಹಾಡೂ ಮುಗಿಯುತ್ತದೆ ಎಂಬ ಕಳವಳ ಎರಡೂ ಕಡೆ ಒಂದೇ.

ಮೊದಲ ಮಹಾಯುದ್ಧದಲ್ಲಿ ಅವರು ನಲವತ್ತು ದಾಟಿದ ಮೇಲೆ ಸೈನ್ಯ ಸೇರಿ, ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಹೊತ್ತು ಸಾಗಿಸಿದ್ದರು. ಎರಡನೆಯ ಯುದ್ಧ ಬಂದಾಗ ಮುಪ್ಪು ಬಂದಿತ್ತು. ಆದರೂ ಸುಮ್ಮನೆ ಕೂಡದೆ ಡಾರ್ಕಿಂಗ್ ಊರಿನ ಬೀದಿಗಳಲ್ಲಿ ಕೈಗಾಡಿ ತಳ್ಳುತ್ತ ಯುದ್ಧಕ್ಕೆ ಉಪಯೋಗವಾಗುವ ಹಳೆಯ ಸಾಮಾನುಗಳನ್ನು ಕೂಡಿಹಾಕಿದರು. ಈ ಸಿಂಫನಿ ಮೈದಳೆದದ್ದು 1938ರಿಂದ 1943ರವರೆಗಿನ ಅದೇ ಕಾಲದಲ್ಲಿ. 1935ರಲ್ಲಿ ಕೇಳಿಸಿದ್ದ ಅವರ ನಾಲ್ಕನೆಯ ಸಿಂಫನಿ ಕರ್ಕಶ, ರೌದ್ರ. ಬರಲಿರುವ ಯುದ್ಧವನ್ನೇ ಅದು ಸಾರಿತ್ತೆಂದು ಹಲವರು ಬಗೆದರು. ಯುದ್ಧದ ನಡುವೆ ಬಂದ ಐದನೆಯದು ಇನ್ನಷ್ಟು ಗರ್ಜಿಸೀತೆಂದು ಕಾದವರಿಗೆ ಶಾಂತರಸ ದೊರೆಯಿತು.

ಒಂದು ನವರಂಗ, ನಾಲ್ಕು ಗುಡಿ

ನಮ್ಮ ಕಛೇರಿಗೆ ಒಗ್ಗಿದವರು ಸಿಂಫನಿಯನ್ನು ಮೊದಲ ಬಾರಿಗೆ ಕೇಳುವಾಗ ತಬ್ಬಿಬ್ಬಾಗುವುದು ಸಹಜ. ಅಲ್ಲಿ ತಂಬೂರಿಯಿಲ್ಲ, ಮನೋಧರ್ಮಕ್ಕೆ ಎಡೆಯಿಲ್ಲ. ಪ್ರತಿಯೊಂದು ಸ್ವರವೂ ಮೊದಲೇ ಬರೆದದ್ದು. ಹತ್ತಾರು ಪಿಟೀಲುಗಳು, ಕೊಳಲುಗಳು, ಕಹಳೆಗಳು, ನಗಾರಿ ಏಕಕಾಲಕ್ಕೆ ಬೇರೆಬೇರೆ ಸ್ವರಗಳನ್ನು ನುಡಿಸುತ್ತವೆ. ಬಂದಳಿಕೆಯ ತ್ರಿಮೂರ್ತಿ ನಾರಾಯಣ ದೇವಾಲಯವನ್ನು ಕಂಡವರಿಗೆ ಈ ರಚನೆ ಬೇಗ ತಿಳಿದೀತು. ಹನ್ನೆರಡನೆಯ ಶತಮಾನದ ಆ ಗುಡಿಗೆ ಗರ್ಭಗೃಹಗಳು ಮೂರು, ಅವೆಲ್ಲಕ್ಕೂ ಸೇರಿ ನವರಂಗ ಒಂದೇ. ಒಂದು ಗರ್ಭಗೃಹವನ್ನು ಕಂಡು ಹಿಂದಿರುಗಿದವನು ದೇವಾಲಯವನ್ನು ಕಂಡಂತಾಗಲಿಲ್ಲ. ಹಾಗೆಯೇ ಸಿಂಫನಿಗೆ ನಾಲ್ಕು ಭಾಗಗಳು, ಒಂದೊಂದಕ್ಕೂ ಬೇರೆ ನಡೆ, ಬೇರೆ ಭಾವ. ಎಲ್ಲವೂ ಸೇರಿ ಒಂದೇ ಕಟ್ಟಡ. ಭಾಗ ಮುಗಿದಾಗ ಚಪ್ಪಾಳೆ ತಟ್ಟದೆ ಕೊನೆಯವರೆಗೂ ಕಾಯುವ ವಾಡಿಕೆಯ ಗುಟ್ಟು ಇದೇ.

ಐದನೆಯ ಸಿಂಫನಿಯ ಆರಂಭದಲ್ಲಿ ಎರಡು ಕೊಂಬುಗಳು ದೂರದಿಂದೆಂಬಂತೆ ಮೆಲ್ಲನೆ ಕರೆಯುತ್ತವೆ. ಕೆಳಗಿನ ತಂತಿವಾದ್ಯಗಳು ಹಿಡಿದ ಆಧಾರ ಸ್ವರ ಒಂದು, ಕೊಂಬುಗಳು ಹಾಡುವ ನೆಲೆ ಇನ್ನೊಂದು. ಶ್ರುತಿಯೊಂದಿದ್ದು ಹಾಡು ಇನ್ನೊಂದು ಶ್ರುತಿಗೆ ಸೇರಿದ್ದರೆ ಹೇಗೋ ಹಾಗೆ. ಆದರೂ ಅಪಸ್ವರವೆನಿಸುವುದಿಲ್ಲ; ಮನೆ ಎಲ್ಲಿದೆಯೆಂದು ತಿಳಿಯದ ಪಯಣಿಗನ ಮನಸ್ಸು ಕೇಳುವವರಿಗೂ ತಟ್ಟುತ್ತದೆ. ಎರಡನೆಯ ಭಾಗ ಗಾಳಿಯಂತೆ ಹಗುರ, ಓಟದ ನಡೆ. ಮೂರನೆಯದೇ ಕೃತಿಯ ಹೃದಯ. ತಂತಿವಾದ್ಯಗಳ ಮೃದುವಾದ ಹಾಸಿನ ಮೇಲೆ ಕೋರ್ ಆಂಗ್ಲೇ ಎಂಬ ವಾದ್ಯವೊಂದು ಒಂಟಿಯಾಗಿ ಹಾಡುತ್ತದೆ. ನಮ್ಮ ನಾಗಸ್ವರದಂತೆ ಅದಕ್ಕೂ ಜೋಡಿ ದಳದ ಪೀಪಿ. ಆದರೆ ಧ್ವನಿ ಮಾತ್ರ ತಗ್ಗಿದ್ದು, ಅಳಲನ್ನು ಅದುಮಿಟ್ಟವರ ಕಂಠದಂಥದು. ಬನ್ಯನ್ ಎಂಬ ಹಳೆಯ ಲೇಖಕನ ‘ಯಾತ್ರಿಕನ ಮುನ್ನಡೆ’ಯನ್ನು ಸಂಗೀತನಾಟಕವಾಗಿಸಲು ವಾನ್ ವಿಲಿಯಮ್ಸ್ ದಶಕಗಳಿಂದ ಶ್ರಮಿಸುತ್ತಿದ್ದರು. ಅದು ಮುಗಿಯುವ ಭರವಸೆಯಿಲ್ಲದೆ ಅದರ ಸ್ವರಗಳನ್ನು ಈ ಸಿಂಫನಿಗೆ ಧಾರೆಯೆರೆದರು. ನಾಟಕವೂ ಕೊನೆಗೆ 1951ರಲ್ಲಿ ರಂಗವೇರಿತು.

ಕೊನೆಯ ಭಾಗದಲ್ಲಿ ಚೆಲ್ಲೋಗಳು ಒಂದು ಪುಟ್ಟ ರಾಗಸಾಲನ್ನು ನುಡಿಸುತ್ತವೆ. ಆ ಸಾಲು ಮರಳಿ ಮರಳಿ ಬರುತ್ತಿರಲು ಅದರ ಮೇಲೆ ಉಳಿದ ವಾದ್ಯಗಳು ಹೊಸಹೊಸ ಹೆಣಿಗೆಯನ್ನು ಹೆಣೆಯುತ್ತವೆ. ಪಲ್ಲವಿಯ ಒಂದೇ ಸಾಲನ್ನು ನೆರವಲಿನಲ್ಲಿ ಬೆಳೆಸುವುದನ್ನು ಕೇಳಿದವರಿಗೆ ಈ ಕ್ರಮ ತೀರ ಅಪರಿಚಿತವಲ್ಲ. ಕಡೆಗೆ ಮೊದಲ ಭಾಗದ ಕೊಂಬಿನ ಕರೆ ಮೇಳದ ತುಂಬ ಮೊಳಗುತ್ತದೆ. ಬಳಿಕ ಪಿಟೀಲುಗಳು ಮೆಲ್ಲಮೆಲ್ಲನೆ ಮೇಲೇರಿ ಮೌನದಲ್ಲಿ ಕರಗುತ್ತವೆ. ಪಯಣಿಗನಿಗೆ ಮನೆ ಸಿಕ್ಕಿತು. ನಲವತ್ತು ನಿಮಿಷಗಳಷ್ಟರ ಈ ಕೃತಿಯ ಪ್ರಶಾಂತ ಸೌಂದರ್ಯದಲ್ಲಿ ಯುದ್ಧಾನಂತರದ ಬದುಕಿನ ಗುರಿ ಕಾಣುತ್ತದೆಂಬ ಅರ್ಥದಲ್ಲಿ ಪ್ರಸಿದ್ಧ ಮೇಳನಾಯಕ ಏಡ್ರಿಯನ್ ಬೋಲ್ಟ್ ಅವರು ಕೃತಿಕಾರರಿಗೆ ಪತ್ರ ಬರೆದರು.

ಸಭೆಗೆ ಬಾರದ ರಸಿಕ

ಇದೇ ಆಲ್ಬರ್ಟ್ ಹಾಲಿಗೂ ಕನ್ನಡನಾಡಿಗೂ ಒಂದು ನಂಟುಂಟು. ಮೈಸೂರಿನ ಜಯಚಾಮರಾಜ ಒಡೆಯರಿಗೆ ಎಳೆಯ ವಯಸ್ಸಿನಲ್ಲಿ ಪಿಯಾನೋ ವಾದಕರಾಗುವ ಹಂಬಲವಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪನೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಳ್ಳಲು, ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನವನ್ನೇರಬೇಕಾಯಿತು. ಹಂಬಲ ಮಾತ್ರ ಆರಲಿಲ್ಲ. ಲಂಡನ್ನಿನಲ್ಲಿ ಬಡತನದಲ್ಲಿ ಬಾಳುತ್ತಿದ್ದ ರಷ್ಯದ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಕೃತಜ್ಞತೆಯಿಂದ ಅರ್ಪಿಸಿದರು. ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯಮೇಳಕ್ಕೂ ಒಡೆಯರು ನೆರವಾದರು. ಆ ಮೇಳದ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರೂ ಅವರೇ. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಹೌದು.

1950ರ ಮೇ 22ರಂದು ಆಲ್ಬರ್ಟ್ ಹಾಲಿನಲ್ಲಿ, ಹಿಂದಿನ ವರ್ಷವಷ್ಟೇ ಕಾಲವಾಗಿದ್ದ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕರ್ಸ್ಟೆನ್ ಫ್ಲಾಗ್‌ಸ್ಟಾಡ್, ಮೇಳವನ್ನು ನಡೆಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ. ಕಛೇರಿಯ ಖರ್ಚಿಗೆ 4,800 ಡಾಲರುಗಳ ಹೊಣೆ ಹೊತ್ತವರು ಮೈಸೂರಿನ ಒಡೆಯರು. ಹೊಣೆ ಹೊತ್ತವರಿಗೆ ಅಂದು ಸಭೆಯಲ್ಲಿ ಕೂಡುವ ಯೋಗವಿರಲಿಲ್ಲ. ಆ ನಾದ ತಟ್ಟೆಗಳಲ್ಲಿ ಮುದ್ರಣಗೊಂಡು, ಕಡಲು ದಾಟಿ ಮೈಸೂರಿಗೆ ಬರಬೇಕಾಯಿತು. ಸಾವಿರಾರು ಜನ ಕೂಡಿ ಕೇಳಿದ್ದನ್ನು ಅದಕ್ಕೆ ಕಾರಣರಾದ ರಸಿಕರು ತಮ್ಮ ಊರಿನಲ್ಲೇ ಕೇಳಬೇಕಾದದ್ದು ವಿಧಿಯ ವಿಚಿತ್ರ.

ಬಂದಳಿಕೆಯ ಶಾಸನವೊಂದು ಹತ್ತನೆಯ ಶತಮಾನದ ಜಕ್ಕಿಯಬ್ಬೆಯ ಕತೆಯನ್ನು ಹೇಳುತ್ತದೆ. ಗಂಡನ ಮರಣಾನಂತರ ನಾಗರಖಂಡ ಎಪ್ಪತ್ತನ್ನು ದಕ್ಷತೆಯಿಂದ ಆಳಿದ ಆ ಮಹಿಳೆ, ದೇಹ ಸೋತಾಗ ಮಗಳಿಗೆ ಅಧಿಕಾರವನ್ನೊಪ್ಪಿಸಿ, ಇಲ್ಲಿನ ಬಸದಿಗೆ ಬಂದು ಸಲ್ಲೇಖನದಿಂದ ದೇಹ ಬಿಟ್ಟಳು. ಅಬ್ಬರವಿಲ್ಲದೆ ಮುಗಿಯುವುದರ ಘನತೆಯನ್ನು ಈ ಮಣ್ಣು ಬಹಳ ಹಿಂದೆಯೇ ಕಂಡಿದೆ. ವಾನ್ ವಿಲಿಯಮ್ಸ್ ಅವರ ಕೊನೆಯ ಪಿಟೀಲು ಸ್ವರಗಳು ಈ ಸೀಮೆಯವರಿಗೆ ಪರಕೀಯವಾಗಬೇಕಾದ ಕಾರಣವಿಲ್ಲ.

ಇಂದು ಪ್ರಾಮ್ಸ್ ಕಛೇರಿಗಳು ಜುಲೈ ನಡುವಿನಿಂದ ಸೆಪ್ಟೆಂಬರಿನವರೆಗೆ ನಡೆಯುತ್ತವೆ. ಬಿ.ಬಿ.ಸಿ.ಯು ಅವನ್ನು ಬಾನುಲಿಯಲ್ಲಿ ಬಿತ್ತರಿಸುತ್ತದೆ. ತಟ್ಟೆ ಕಡಲು ದಾಟಿ ಬರುವವರೆಗೆ ಕಾಯಬೇಕಾಗಿಲ್ಲ. ಅಲ್ಲಿ ಸಂಜೆ ಏಳೂವರೆಯಾದಾಗ ಇಲ್ಲಿ ನಡುರಾತ್ರಿ ಹನ್ನೆರಡು. ಶಿಕಾರಿಪುರದ ಮನೆಯೊಂದರಲ್ಲಿ, ಮಳೆ ಹೊಯ್ಯುತ್ತಿರುವ ಹೊತ್ತಿನಲ್ಲಿ, ಎಲ್ಲರೂ ಮಲಗಿದ ಮೇಲೆ ದೀಪ ತಗ್ಗಿಸಿ ಒಬ್ಬರು ಎಚ್ಚರವಾಗಿ ಕುಳಿತರೆ ಸಾಕು. ಆ ಎರಡು ಕೊಂಬುಗಳ ಕರೆ ಅವರಿಗೂ ಕೇಳಿಸುತ್ತದೆ.