ಚಿತ್ರಕ್ಕೆ ಬೇರೆಯದೇ ಫೈಲ್ ಇರಲಿ

ಕಳೆದ ವರ್ಷ ಭೌತಶಾಸ್ತ್ರದ ಪ್ರಾಜೆಕ್ಟ್ ವರದಿ ಒಪ್ಪಿಸುವ ಹಿಂದಿನ ರಾತ್ರಿ ನಾವು ಮೂವರು ಹನ್ನೊಂದೂವರೆಯಾದರೂ ಲ್ಯಾಪ್‌ಟಾಪ್ ಮುಂದೆಯೇ ಇದ್ದೆವು. ವರದಿಯನ್ನು ಲೇಟೆಕ್‌ನಲ್ಲಿ ಬರೆದಿದ್ದೆವು. 22 ಪುಟ, 9 ಚಿತ್ರ, ಎಲ್ಲವೂ ಒಂದೇ ಫೈಲಿನಲ್ಲಿ. ಪೀನ ಮಸೂರದ ಕಿರಣಚಿತ್ರದಲ್ಲಿ ಒಂದು ಗೆರೆ ತಿದ್ದುವಾಗ ಸಾಲಿನ ಕೊನೆಯ ಸೆಮಿಕೋಲನ್ ಅಳಿಸಿಹೋಗಿತ್ತು. ಅಷ್ಟಕ್ಕೇ ಇಡೀ ವರದಿ ಅಲ್ಲಿಗೇ ನಿಂತುಬಿಟ್ಟಿತು. ದೋಷದ ಸಂದೇಶ ಸಾಲಿನ ಸಂಖ್ಯೆಯನ್ನೇನೋ ಕೊಡುತ್ತದೆ, ಆದರೆ ಅದು ಸೆಮಿಕೋಲನ್ ಬಿಟ್ಟುಹೋದ ಸಾಲಲ್ಲ, ಅದರ ಕೆಳಗಿನದು. ನಾವು ಸರಿಯಾಗಿದ್ದ ಸಾಲನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದೆವು!

ಲೇಟೆಕ್‌ನಲ್ಲಿ ಟಿಕ್ಝ್ ಬಳಸಿದರೆ ಚಿತ್ರವೂ ಬರಹದ ಹಾಗೆ ಕೋಡ್ ಆಗಿಯೇ ಇರುತ್ತದೆ. ಒಂದು ಸರ್ಕ್ಯೂಟ್ ಚಿತ್ರಕ್ಕೆ 40 ಸಾಲು ಸುಲಭವಾಗಿ ಬೇಕು. ಆದ್ದರಿಂದ ಪ್ರತಿ ಚಿತ್ರದ ಕೋಡನ್ನು ಕತ್ತರಿಸಿ, ಬೇರೊಂದು ಫೋಲ್ಡರಿನಲ್ಲಿ ಅದರದೇ ಹೆಸರಿನ ಫೈಲ್ ಮಾಡಿ ಇಡಿ. ಮುಖ್ಯ ಫೈಲಿನಲ್ಲಿ ಆ ಜಾಗದಲ್ಲಿ ‘ಇನ್‌ಪುಟ್’ ಆಜ್ಞೆಯ ಒಂದು ಸಾಲು ಸಾಕು. ಶೀರ್ಷಿಕೆ, ಚಿತ್ರದ ಲೇಬಲ್ ಮುಖ್ಯ ಫೈಲಿನಲ್ಲೇ ಉಳಿಯಲಿ. ಈಗ ಚಿತ್ರ ಕೆಟ್ಟರೆ ಆ ಒಂದು ಸಾಲಿನ ಮುಂದೆ ಶೇಕಡಾ ಚಿಹ್ನೆ ಹಾಕಿ. ಲೇಟೆಕ್ ಅದನ್ನು ಓದುವುದಿಲ್ಲ, ಉಳಿದ ವರದಿ ಪಿಡಿಎಫ್ ಆಗುತ್ತದೆ. ಆ ರಾತ್ರಿ ನಮಗೆ ಬೇಕಿದ್ದದ್ದು ಇಷ್ಟೇ.

ಎರಡು ಕಡೆ ಎಡವುತ್ತೀರಿ. ‘ಇನ್‌ಕ್ಲೂಡ್’ ಎಂಬ ಆಜ್ಞೆಯೂ ಇದೆ, ಆದರೆ ಅದು ಹೊಸ ಪುಟ ಆರಂಭಿಸುತ್ತದೆ. ಅಧ್ಯಾಯಗಳಿಗೆ ಅದು ಸರಿ, ಚಿತ್ರಕ್ಕೆ ಬೇಡ. ಇನ್ನು ಫೈಲಿನ ದಾರಿಯನ್ನು ಮುಖ್ಯ ಫೈಲ್ ಇರುವ ಜಾಗದಿಂದ ಬರೆಯಬೇಕು, ಚಿತ್ರದ ಫೋಲ್ಡರಿನಿಂದಲ್ಲ. ಹೆಸರಿನಲ್ಲಿ ಖಾಲಿ ಜಾಗ ಬಿಡದಿದ್ದರೆ ಒಳ್ಳೆಯದು.

ಚಿತ್ರಗಳು ಹೆಚ್ಚಿದ್ದರೆ ‘ಸ್ಟ್ಯಾಂಡಲೋನ್’ ಎಂಬ ಡಾಕ್ಯುಮೆಂಟ್ ಕ್ಲಾಸ್ ನೋಡಿ. ಅದರಲ್ಲಿ ಪ್ರತಿ ಚಿತ್ರವೂ ತನ್ನಷ್ಟಕ್ಕೆ, ಸುತ್ತಲಿನ ಬಿಳಿ ಜಾಗ ಕತ್ತರಿಸಿದ ಪುಟ್ಟ ಪಿಡಿಎಫ್ ಆಗುತ್ತದೆ. ವರದಿಗೆ ಆ ಪಿಡಿಎಫನ್ನೇ ಸೇರಿಸಿದರೆ ಪ್ರತಿ ಬಾರಿಯೂ ಚಿತ್ರ ಹೊಸದಾಗಿ ಬರೆಯಬೇಕಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಆದರೆ ಪಿಡಿಎಫನ್ನು ಕುಗ್ಗಿಸಿದರೆ ಒಳಗಿನ ಅಕ್ಷರಗಳೂ ಕುಗ್ಗುತ್ತವೆ. ಅಳತೆಯನ್ನು ಮೊದಲೇ ಸರಿ ಮಾಡಿಕೊಳ್ಳಿ. ಒಂದೇ ಚಿತ್ರದ ಎರಡು ಪುಟದ ವರದಿಗೆ ಇದೆಲ್ಲ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ.

ಈ ವರ್ಷ ನಾವು ಚಿತ್ರಗಳನ್ನು ಹಂಚಿಕೊಂಡಿದ್ದೇವೆ, ಒಬ್ಬೊಬ್ಬರಿಗೆ ಮೂರು. ಮಸೂರದ ಹಳೆಯ ಫೈಲನ್ನೂ ಹಾಗೇ ಎತ್ತಿಕೊಂಡೆವು, ಸೆಮಿಕೋಲನ್ ಸಮೇತ.