ಮಗು ಮನೆ ಬಿಡುವ ಮುನ್ನ

ಒಂಬತ್ತನೇ ತರಗತಿಯ ಹುಡುಗ. ಅಪ್ಪನಿಗೆ ಕುಡಿತ, ಅಮ್ಮನಿಗೆ ಕಾಯಿಲೆ, ಮನೆ ಮೇಲೆ ಬಡ್ಡಿ ಸಾಲ. ಅವನು ಮೊದಲು ಸೋಮವಾರ ಮಾತ್ರ ಶಾಲೆ ತಪ್ಪಿಸುತ್ತಾನೆ, ಆಮೇಲೆ ವಾರಗಟ್ಟಲೆ. ಗ್ಯಾರೇಜಿಗೆ ಸೇರುತ್ತಾನೆ, ಅಲ್ಲಿನ ಸಹವಾಸ ಅಂಟುತ್ತದೆ. ಒಂದು ರಾತ್ರಿ ಹೇಳದೆ ಕೇಳದೆ ಬೆಂಗಳೂರಿನ ರೈಲು ಹತ್ತುತ್ತಾನೆ. ‘ಹುಡುಗ ಕೆಟ್ಟುಹೋದ’ ಎಂದು ಊರು ತೀರ್ಪು ಕೊಡುತ್ತದೆ. ಇಂಥ ಹುಡುಗರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಅವರಾರೂ ಒಂದೇ ರಾತ್ರಿಯಲ್ಲಿ ಮನೆ ಬಿಟ್ಟವರಲ್ಲ. ಅಷ್ಟು ತಿಂಗಳಲ್ಲಿ ಒಮ್ಮೆಯಾದರೂ ಆ ಮನೆಯ ಬಾಗಿಲು ತಟ್ಟುವವರು ಬೇಕಿತ್ತು.

ಹಾಗೆ ತಟ್ಟಲೆಂದೇ ಇರುವ ವ್ಯವಸ್ಥೆಯ ಹೆಬ್ಬಾಗಿಲು 1098, ಮಕ್ಕಳ ಸಹಾಯವಾಣಿ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿದ್ದ ಜೆರೂ ಬಿಲಿಮೋರಿಯಾ 1996ರಲ್ಲಿ ಬೀದಿಮಕ್ಕಳಿಗಾಗಿ ಆರಂಭಿಸಿದ ಸೇವೆ ಇದು. ಮುಂದೆ ದೇಶವಿಡೀ ಹಬ್ಬಿತು. 2023ರಿಂದ ಇದರ ಹೊಣೆ ರಾಜ್ಯಗಳ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳ ಪಾಲಿಗೆ ಬಂದಿದೆ, 112 ತುರ್ತು ಸೇವೆಯೊಂದಿಗೂ ಜೋಡಣೆಯಾಗಿದೆ. ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಮಗುವೇ ಮಾಡಬಹುದು; ಅಮ್ಮ, ಮೇಷ್ಟ್ರು, ಪಕ್ಕದ ಮನೆಯವರೂ ಮಾಡಬಹುದು.

ಈ ಕರೆಗೆ ಬಲ ಕೊಡುವುದು 2015ರ ಬಾಲ ನ್ಯಾಯ ಕಾಯ್ದೆ. ಪಾಲನೆ, ರಕ್ಷಣೆ ಬೇಕಾದ ಮಕ್ಕಳು ಯಾರೆಂದು ಹೇಳುವಾಗ ಅದು ಈಗಾಗಲೇ ನೊಂದವರನ್ನಷ್ಟೇ ಎಣಿಸುವುದಿಲ್ಲ. ಮಾದಕ ವ್ಯಸನಕ್ಕೆ ಅಥವಾ ಮಾನವ ಕಳ್ಳಸಾಗಣೆಗೆ ಸಿಲುಕುವ ಸಾಧ್ಯತೆ ಇರುವ ಮಗುವೂ ಅದರ ಲೆಕ್ಕದಲ್ಲಿದೆ. ಬಾಲ್ಯವಿವಾಹದ ಅಂಚಿನಲ್ಲಿರುವ ಹುಡುಗಿಯೂ ಇದ್ದಾಳೆ. ಕೆಡುಕು ಆಗುವವರೆಗೆ ಕಾಯಬೇಕಿಲ್ಲ ಎಂದು ಕಾನೂನೇ ಹೇಳುತ್ತಿದೆ. ನಾವು ಮಾತ್ರ ಕಾಯುತ್ತಿದ್ದೇವೆ.

ಮನೆಯಿಂದ ದೂರವಾಗಿ ಸಿಕ್ಕ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಸಮಿತಿ ಇದು. ಸಮಾಜ ಕಾರ್ಯಕರ್ತರೋ ಮಕ್ಕಳ ಕಲ್ಯಾಣ ಅಧಿಕಾರಿಯೋ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಹೆಸರಿಗೆ ತನಿಖೆಯಾದರೂ ಅದರ ಕೆಲಸ ಮನೆಯ ಕಷ್ಟಸುಖ ಅರಿಯುವುದು: ಒಲೆ ಉರಿಯುತ್ತಿದೆಯೇ, ದುಡಿಯುವವರು ಯಾರು, ಮಗು ಯಾರಿಗೆ ಹೆದರುತ್ತದೆ, ಅಜ್ಜಿಯೋ ಸೋದರಮಾವನೋ ಆಸರೆಯಾಗಬಲ್ಲರೇ.

‘ಫೋನ್ ಮಾಡಿದರೆ ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ’ ಎಂಬ ಅಂಜಿಕೆ ಅನೇಕರಿಗಿದೆ. ಆದರೆ ಬಾಲಮಂದಿರಕ್ಕೆ ಸೇರಿಸುವುದು ಕೊನೆಯ ದಾರಿ ಎಂಬುದು ಕಾಯ್ದೆಯ ಮೂಲತತ್ತ್ವಗಳಲ್ಲೊಂದು. ಮಗುವಿನ ಮೊದಲ ಹೊಣೆ ಕುಟುಂಬದ್ದೇ. ಆ ಕುಟುಂಬ ಸೋತಾಗ ಕೈಹಿಡಿಯಲು ಪ್ರಾಯೋಜಕತ್ವ ಯೋಜನೆ ಇದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಗಂಡನನ್ನು ಕಳೆದುಕೊಂಡ ಅಥವಾ ಗಂಡನಿಂದ ದೂರವಾದ ತಾಯಿ, ಗಂಭೀರ ಕಾಯಿಲೆಗೆ ತುತ್ತಾದ ಹೆತ್ತವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಸಲ್ಲಿಸಬಹುದು. ವರಮಾನದ ಮಿತಿ ಹಳ್ಳಿಗಳಲ್ಲಿ ವರ್ಷಕ್ಕೆ 72,000, ಉಳಿದೆಡೆ 96,000 ರೂಪಾಯಿ. ಹಣ ದೊಡ್ಡದಲ್ಲ. ಆದರೆ ‘ನೀನು ದುಡಿಯದಿದ್ದರೆ ಮನೆ ನಡೆಯದು’ ಎಂಬ ಮಾತನ್ನು ಅಮ್ಮನ ಬಾಯಿಂದ ತಡೆಯಲು ಕೆಲವೊಮ್ಮೆ ಅಷ್ಟು ಸಾಕು.

ಇಷ್ಟೆಲ್ಲ ಇದ್ದೂ ಬಾಗಿಲು ತಾನಾಗಿ ತೆರೆಯದು. ಮೊದಲು ಕಾಣಬೇಕಾದವರು ಹತ್ತಿರದವರು. ಹಾಜರಿ ಪುಸ್ತಕದಲ್ಲಿ ಸಾಲಾಗಿ ಬಿದ್ದ ಗೈರು ಗುರುತು ಮೇಷ್ಟ್ರ ಕಣ್ಣಿಗೇ ಮೊದಲು ಬೀಳುತ್ತದೆ. ಮೂರನೆಯ ಸೋಮವಾರವೂ ಅದೇ ಜಾಗ ಖಾಲಿಯಿದ್ದರೆ, ಅಂದು ಸಂಜೆಯೇ ಆ ಮನೆಯ ಕಡೆ ಒಮ್ಮೆ ಹೋಗಿಬನ್ನಿ. ಬೈಯಲು ಹೋಗಬೇಡಿ; ಏನಾಯಿತು ಎಂದು ಕೇಳಲು ಹೋಗಿ.